ಬಾಯಿ ತೆರೆಯದ ಕುರಿಮರಿ

ಅಟ್ಲಾಂಟಾ, ಮಾರ್ಚ್ 1996

ಅಪ್ಪಾ,

ಓದಲು ನೀವಿಲ್ಲ, ಆದರೂ ಹೇಳುತ್ತೇನೆ. ಇವತ್ತು ಬೈಬಲ್ ಕ್ಲಾಸಿನಲ್ಲಿ ಪ್ರೊಫೆಸರ್ ಒಂದು ಮಾತು ಹೇಳಿದರು. ಸುವಾರ್ತೆ ಬರೆದವರು ಯೇಸುವಿನ ವಿಚಾರಣೆಯನ್ನು ಕಣ್ಣಾರೆ ಕಂಡವರಲ್ಲವಂತೆ. ತಮಗೆ ಗೊತ್ತಿಲ್ಲದ ಕಡೆ ಯೇಸುವಿಗೂ ನೂರಾರು ವರ್ಷ ಹಿಂದಿನ ಯೆಶಾಯನ ಪ್ರವಾದನೆಯಿಂದ ತುಂಬಿದರಂತೆ. ವಧೆಗೆ ಒಯ್ದ ಕುರಿಮರಿಯಂತೆ ಅವನು ಬಾಯಿ ತೆರೆಯಲಿಲ್ಲ ಎಂದು ಮೈಸೂರಿನ ನಮ್ಮ ಚರ್ಚಿನಲ್ಲಿ ಪ್ರತಿ ಗುಡ್ ಫ್ರೈಡೇ ನೀವು ಬೋಧಿಸುತ್ತಿದ್ದಿರಲ್ಲ, ಅದೇ ಮಾತು. ನನಗೆ ಮೈಯೆಲ್ಲ ಉರಿಯಿತು.

"ಹಾಗಾದರೆ ಅವರು ಸುಳ್ಳು ಬರೆದರೇ?" ಎಂದು ಎದ್ದುನಿಂತು ಕೇಳಿದೆ.

"ಸುಳ್ಳಲ್ಲ. ಅವರ ಬಳಿ ಇದ್ದ ಮಾತು ಅದೊಂದೇ" ಎಂದರು.

ವಾಪಸ್ ಬರುವಾಗ, ಕಾರು ಓಡಿಸುತ್ತಿದ್ದ, ಇಲ್ಲಿನ ಚರ್ಚಿನ ದಯಾಮಣಿ ಆಂಟಿ ಕೇಳಿದರು: "ನಿಮ್ ತಂದೆ ಹೋದಾಗ ವೀಸಾ ಪ್ರಾಬ್ಲಮ್ ಆಗಿ ನಿಂಗೆ ಹೋಗಕ್ಕಾಗ್ಲಿಲ್ಲ ಅಲ್ವಾ? ಜಾಸ್ತಿ ಕಷ್ಟ ಪಡ್ಲಿಲ್ಲ ತಾನೆ ಅವ್ರು?"

"ಇಲ್ಲ ಆಂಟಿ. ಕುರಿಮರಿ ಥರ, ಒಂದು ಮಾತೂ ಆಡ್ದೆ ಹೋದ್ರು."

ಆಂಟಿ ಸಮಾಧಾನದಿಂದ ತಲೆಯಾಡಿಸಿದರು.

ನೀವು ಹೋದ ದಿನ ಆಸ್ಪತ್ರೆಯಿಂದ ನನ್ನ ತಮ್ಮ ಫೋನ್ ಮಾಡಿ ಹೇಳಿದ್ದೇ ಬೇರೆ. ಇಡೀ ವಾರ್ಡಿಗೆ ಕೇಳುವ ಹಾಗೆ ನೀವು ನನ್ನ ಹೆಸರು ಹಿಡಿದು ಕೂಗುತ್ತಿದ್ದಿರಂತೆ.