ಅಪ್ಪಾಜಿ ಸೇರಿಸಿದ ಸಾಲು

ರಾಜಾಜಿನಗರ, ಬೆಂಗಳೂರು
23-10-1974

ತೀರ್ಥರೂಪ ಅಪ್ಪಾಜಿಯವರಿಗೆ ಮಗಳು ಜಯದೇವಿಯ ಶರಣುಗಳು.

ಆರೋಗ್ಯ ಹೇಗಿದೆ? ರಾಯಚೂರಿನಲ್ಲಿ ಸೆಕೆ ಇಳಿಯಿತೇ? ಮೊಣಕಾಲಿಗೆ ಅವ್ವ ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಅಥವಾ ಅದು ಕೋಣೆಯ ಕಿಟಕಿಯಲ್ಲಿ ಹಾಗೇ ಕೂತಿದೆಯೋ? ಇಲ್ಲಿ ನಾವೆಲ್ಲ ಕ್ಷೇಮ. ಹಾಗೆ ಬರೆಯುವುದು ಪದ್ಧತಿ, ಅದಕ್ಕೆ ಬರೆದೆ. ನನಗೆ ನಿಮ್ಮ ಮೇಲೆ ವಿಪರೀತ ಕೋಪ ಬಂದಿದೆ, ಅಪ್ಪಾಜಿ. ಇಳಿಯಲಿ ಎಂದು ಕಾದು ನೋಡಿದೆ, ಇಳಿಯಲಿಲ್ಲ.

ಗೌರಿ ಹಬ್ಬ ಮುಗಿಸಿ ನೀವು ಹೊರಟ ದಿನ, ಇಂಡಸ್ಟ್ರಿಯಲ್ ಎಸ್ಟೇಟಿನ ಫ್ಯಾನ್ ಕಂಪನಿಗೆ ನಾನು ಸ್ಟೆನೋ ಕೆಲಸಕ್ಕೆ ಅರ್ಜಿ ಟೈಪ್ ಮಾಡಿಟ್ಟಿದ್ದೆ. ಅದರ ಕೊನೆಯ ಸಾಲಿಗಾಗಿ ಎಷ್ಟು ಹಾಳೆ ಹರಿದೆನೆಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಅನಂತಲಕ್ಷ್ಮಿ ಮೇಡಂ ಅವರನ್ನು ಕೇಳಿ. ‘ಕೊನೇಲಿ ಬೇಡ್ಕೋಬೇಡ ಕಣೇ, ಏನ್ ಮಾಡಬಲ್ಲೆ ಅಂತ ಹೇಳಿ ನಿಲ್ಲಿಸು’ ಎಂದಿದ್ದರು. ಹಾಗೆಯೇ ಬರೆದೆ. ನಿಮ್ಮ ಕಚೇರಿಯ ಪತ್ರಗಳನ್ನು ತಪ್ಪಿಲ್ಲದೆ ಆಯಾ ದಿನವೇ ಮುಗಿಸಿಕೊಡಬಲ್ಲೆ, ನೀವು ಹೇಳಿದ ದಿನ ಬಂದು ಪರೀಕ್ಷೆ ಕೊಡಲು ಸಿದ್ಧಳಿದ್ದೇನೆ ಎಂದು. ಇಂಗ್ಲಿಷಿನಲ್ಲಿ ಅದು ಇನ್ನೂ ಚೆನ್ನಾಗಿತ್ತು. ಓದಿಕೊಂಡಾಗ ನನ್ನ ಬೆನ್ನು ತಾನೇ ನೆಟ್ಟಗಾಯಿತು. ‘ಕೊಡಮ್ಮ, ಸ್ಟೇಷನ್ ಹತ್ರ ಅಂಟಿಸಿ ಹಾಕ್ತೀನಿ’ ಎಂದು ನೀವು ಲಕೋಟೆ ತೆಗೆದುಕೊಂಡಿರಿ. ನಾನು ಖುಷಿಯಿಂದಲೇ ಕೊಟ್ಟೆ.

ಕಳೆದ ಶುಕ್ರವಾರ ಇಂಟರ್‌ವ್ಯೂಗೆ ಕರೆದಿದ್ದರು. ಅವ್ವನ ಇಳಕಲ್ ಸೀರೆ ಉಟ್ಟು ಹೋದೆ. ಮೇಜಿನ ಆಚೆ ಮೂವರು ಕೂತಿದ್ದರು. ಮಧ್ಯದವರು ನನ್ನ ಅರ್ಜಿ ಹಿಡಿದು, ಟೈಪಾದ ಸಾಲುಗಳ ಕೆಳಗೆ ನೀಲಿ ಶಾಯಿಯಲ್ಲಿದ್ದುದನ್ನು ಗಟ್ಟಿಯಾಗಿ ಓದಿದರು. ಬಡ ಗುಮಾಸ್ತನ ಮಗಳು, ತಂಗಿಯರ ಭಾರವಿದೆ, ತಮ್ಮ ಪಾದಗಳೇ ಗತಿ, ಕರುಣೆ ತೋರಬೇಕು. ನಿಮ್ಮ ಗುಂಡು ಅಕ್ಷರ. ನನ್ನ ಶಾಲೆಯ ಪುಸ್ತಕಗಳ ಮೇಲೆಲ್ಲ ಹೆಸರು ಬರೆದುಕೊಟ್ಟ ಅಕ್ಷರವನ್ನು ನಾನು ಗುರುತಿಸದೆ ಇರುತ್ತೇನೆಯೇ? ‘ಪಾದಗಳೇ ಗತಿ ಅಂದ್ರೆ, ಇಲ್ಲೇ ಮೇಜಿನ ಕೆಳಗೆ ಕೂತ್ಕೋತೀರೇನಮ್ಮ?’ ಎಂದು ಪಕ್ಕದವರು ಕೇಳಿದರು. ಮೂವರೂ ನಕ್ಕರು.

‘ಆ ಸಾಲು ನಂದಲ್ಲ ಸಾರ್, ನಮ್ಮ ತಂದೆಯವರದು’ ಎಂದೆ. ಇನ್ನೂ ಜೋರಾಗಿ ನಕ್ಕರು. ‘ಪಾಪ, ಗುಮಾಸ್ತರಿಗೆ ಅಭ್ಯಾಸ’ ಎಂದರು ಮಧ್ಯದವರು. ಅಲ್ಲಿಯವರೆಗೆ ನಿಮ್ಮ ಮೇಲೆ ಕುದಿಯುತ್ತಿದ್ದವಳಿಗೆ ಆ ‘ಪಾಪ’ ಕೇಳಿ ಮೈಯೆಲ್ಲ ಉರಿಯಿತು. ನಿಮ್ಮನ್ನು ಬೈಯುವ ಹಕ್ಕು ನನಗಿದೆ, ಅವರಿಗಿಲ್ಲ. ಶಾರ್ಟ್‌ಹ್ಯಾಂಡ್ ಪರೀಕ್ಷೆಯ ಮಾತನ್ನೇ ಎತ್ತದೆ, ಮನೆಯ ಕಷ್ಟ ನೋಡಿ ಟಪಾಲು ವಿಂಗಡಿಸುವ ಕೆಲಸ ಕೊಡುತ್ತೇವೆ ಎಂದರು. ‘ನಾನು ಬಂದಿರೋದು ಸ್ಟೆನೋ ಕೆಲಸಕ್ಕೆ. ಪರೀಕ್ಷೆ ಮಾಡಿ, ಇಲ್ಲಾಂದ್ರೆ ಅರ್ಜಿ ವಾಪಸ್ ಕೊಡಿ ಸಾರ್’ ಎಂದೆ. ವಾಪಸ್ ಕೊಟ್ಟರು. ಎಸ್ಟೇಟಿನಿಂದ ಮನೆಯವರೆಗೂ ನಡೆದೇ ಬಂದೆ. ಬಸ್ಸಿನಲ್ಲಿ ಜನರ ಮುಂದೆ ಅಳುವುದು ಬೇಡವಾಗಿತ್ತು.

‘ನಿಮ್ಮಪ್ಪಾಜಿ ಕೆಟ್ಟದಾಗ್ಲಿ ಅಂತ ಮಾಡಿದ್ರಾ?’ ಎಂದು ಅವ್ವ ನನ್ನನ್ನೇ ಗದರಿದಳು. ಒಳ್ಳೆಯದಕ್ಕೇ ಮಾಡಿದಿರಿ ಎಂದು ಗೊತ್ತು. ಅದಕ್ಕೇ ಸಿಟ್ಟು ಹೆಚ್ಚು. ಕೆಟ್ಟದ್ದಕ್ಕೆ ಮಾಡಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಬೇಡಿಕೊಂಡರೇ ಕೆಲಸವಾಗುತ್ತದೆ ಎಂದು ನಿಮಗೆ ಯಾರು ಕಲಿಸಿದರು? ನಿಮ್ಮದು ಯಾವ ಕೆಲಸ ಹಾಗೆ ಆಗಿದೆ, ಹೇಳಿ. ನನ್ನನ್ನು ಓದಿಸಿದವರು ನೀವು. ಓದಿಸಿದ ಮೇಲೂ ನನ್ನ ಮಾತು ಸಾಲದು ಎಂದು ಯಾಕೆ ಅನ್ನಿಸಿತು? ಬೇರೆ ಕಡೆ ಅರ್ಜಿ ಹಾಕಿದ್ದೇನೆ. ನಾನೇ ಅಂಟಿಸಿ, ನಾನೇ ಡಬ್ಬಿಗೆ ಹಾಕಿದ್ದೇನೆ.

ಖಾನಾವಳಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣಿ. ಎಣ್ಣೆ ಹಚ್ಚಿಕೊಳ್ಳಿ. ಅವ್ವನೂ ತಂಗಿಯರೂ ಶರಣು ಹೇಳಿದ್ದಾರೆ.

ಕೋಪದಲ್ಲಿರುವ ನಿಮ್ಮ ಮಗಳು,
ಜಯದೇವಿ

ಅಂಟಿಸುವ ಮುಂಚೆ ಇನ್ನೊಂದು ಮಾತು: ಬೆಂಗಳೂರಿಗೆ ವರ್ಗ ಕೋರುವ ನಿಮ್ಮ ಅರ್ಜಿಯನ್ನು ಈ ಸಲ ನಾನೇ ಟೈಪ್ ಮಾಡಿ ಇದರೊಳಗೆ ಇಟ್ಟಿದ್ದೇನೆ. ಪಾದ, ಕರುಣೆ ಯಾವುದೂ ಇಲ್ಲ. ಇಷ್ಟು ವರ್ಷ ಮನೆ ಬಿಟ್ಟು ದುಡಿದಿದ್ದೇನೆ, ವರ್ಗಾಯಿಸಿ, ಆಗದಿದ್ದರೆ ಕಾರಣವನ್ನು ಬರೆದು ತಿಳಿಸಿ ಎಂದು ಮುಗಿಸಿದ್ದೇನೆ. ಸಹಿ ಮಾಡಿ ಕಳಿಸಿ, ಕೆಳಗೆ ಒಂದಕ್ಷರವೂ ಸೇರಿಸಬೇಡಿ. ನಮ್ಮ ಚಿಕ್ಕವಳು ಗಿರಿಜೆ ಬೀದಿಯಲ್ಲಿ ನಿಮ್ಮನ್ನು ‘ಹಬ್ಬದ ಅಪ್ಪಾಜಿ’ ಎನ್ನುತ್ತಾಳೆ.