ಬಸ್ಸಿನ ಉದಾಹರಣೆ

ಮಾರ್ಚ್ ೧೨, ಗುರುವಾರ

ಇಂಗ್ಲಿಷ್ ಕಲಿಯುವವರಿಗಾಗಿ ನಾವು ಮಾಡುವ ನಿಘಂಟಿನ ಹೊಸ ಮುಖಪುಟ ಇವತ್ತು ಬಂತು. ಸಂಪಾದಕರ ಹೆಸರಿನ ಕೆಳಗೆ ಅವರ ಅಳಿಯನ ಹೆಸರು. ಆತ ಕಚೇರಿಗೆ ಕಾಲಿಟ್ಟಿದ್ದೇ ಹೋದ ವರ್ಷ. ಆ ಜಾಗ ನನ್ನದೆಂದು ಹಿಂದಿನ ಎರಡು ಆವೃತ್ತಿಗಳಲ್ಲೂ ಮಾತು ಕೊಟ್ಟಿದ್ದರು.

ಕೇಳಿಯೇಬಿಟ್ಟೆ. ಸಂಪಾದಕರು ಪ್ರೂಫಿನಿಂದ ತಲೆ ಎತ್ತದೆ, "ಸ್ವಲ್ಪ ಕಾಯಿರಿ, ಮುಂದಿನ ಸಲ ನೋಡೋಣ" ಅಂದರು.

ನನ್ನ ಮೇಜಿನ ಮೇಲೆ ಆಗ ಇದ್ದದ್ದೂ ‘ವೇಟ್’ ಎಂಬ ಕ್ರಿಯಾಪದವೇ. ಹಳೆಯ ಫ್ರೆಂಚಿನಿಂದ ಬಂದಾಗ ಅದಕ್ಕೆ ಕಾವಲು ಕಾಯುವುದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಶತ್ರುವಿನ ದಾರಿ ನೋಡುವುದು ಎಂಬ ಅರ್ಥವಿತ್ತು. ಸುಮ್ಮನೆ ಕಾದು ಕೂರುವ ಅರ್ಥ ಆಮೇಲಿನದು. ಪಕ್ಕದಲ್ಲಿ ನಿಂತು ಉಪಚಾರ ಮಾಡುವ ಅರ್ಥವೂ ಬಂದು ಸೇರಿಕೊಂಡಿತು. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಳಿಯ ಕೆಲಸಕ್ಕೆ ಸೇರಿದ ದಿನ ಎಲ್ಲರಿಗೂ ಟೀ ತಂದುಕೊಟ್ಟವಳು ನಾನೇ.

ಉದಾಹರಣೆ ವಾಕ್ಯವಾಗಿ ‘ತನ್ನ ಹೆಸರಿಗಾಗಿ ಅವಳು ಹದಿನಾರು ವರ್ಷ ಕಾದಳು’ ಎಂದು ಬರೆದಿದ್ದೆ. ಸಂಜೆಯ ಹೊತ್ತಿಗೆ ಅದರ ಮೇಲೆ ಕೆಂಪು ಗೆರೆ ಬಿದ್ದಿತ್ತು.

"ಕಲಿಯೋರಿಗೆ ಇದೆಲ್ಲ ಯಾಕೆ ಮೇಡಂ? ಬಸ್ ಅಂತ ಹಾಕಿ, ಎಲ್ಲರಿಗೂ ಅರ್ಥ ಆಗುತ್ತೆ" ಅಂದ ಅಳಿಯ. ಜನ್ಮದಲ್ಲಿ ಒಂದು ದಿನವೂ ಯಾವುದಕ್ಕೂ ಕಾದವನಲ್ಲ, ನನಗೆ ಕಾಯುವುದನ್ನು ಹೇಳಿಕೊಡುತ್ತಾನೆ.

ಕೂಗಾಡಬೇಕಿತ್ತು. ಪೆನ್ನು ತೆಗೆದು ತಿದ್ದಿಕೊಟ್ಟೆ: ‘ಅವಳು ಬಸ್ಸಿಗಾಗಿ ಕಾಯುತ್ತಿದ್ದಾಳೆ.’

ಹೋಗಲಿ. ಬಸ್ಸಾದರೂ ಬರುತ್ತದೆ.