ತುಡರ್ ಎಂದು ಕೇಳಿಸಿದ ತೊಡರುದ್

ಕನ್ನಡ ಮಾಧ್ಯಮದ ಶಾಲೆಗೆ ಕನ್ನಡದ ಒಂದಕ್ಷರವೂ ಬಾರದ ವಿಜ್ಞಾನ ಅಧ್ಯಾಪಿಕೆಯನ್ನು ನೇಮಿಸಿದ ಮಾನ್ಯ ಅಧಿಕಾರಿಗಳೇ,

ತಮ್ಮ ಆದೇಶದ ಫಲವಾಗಿ ನನ್ನ ಮಗಳ ಬಲಗೈಯ ಮೂರು ಬೆರಳುಗಳು ಸುಟ್ಟುಹೋಗಿವೆ. ತಮ್ಮ ವಿಚಾರಣಾ ವರದಿಯ ಪ್ರಕಾರ ತಪ್ಪು ಅವಳದೇ. ಬೆರಳನ್ನು ವೈದ್ಯರು ನೋಡಿಕೊಳ್ಳುತ್ತಾರೆ. ವರದಿಯನ್ನು ನಾನು ನೋಡಿಕೊಳ್ಳಬೇಕಾಗಿದೆ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ದಿನವೂ ವರ್ಕಾಡಿಯಿಂದ ಬಸ್ಸು ಹತ್ತಿ ವಿದ್ಯಾನಗರಕ್ಕೆ ಬಂದು, ಕಚೇರಿಗಳ ಗೇಟಿನ ಹೊರಗೆ ಕೂತು ಜನರಿಗೆ ಕಚೇರಿಯ ಭಾಷೆಯಾದ ಮಲಯಾಳದಲ್ಲಿ ಅರ್ಜಿ ಬರೆದುಕೊಡುವವ. ಹಾಗಾಗಿ ಇವನಿಗೆ ಮಲಯಾಳದ ಮೇಲೆ ದ್ವೇಷ ಎಂದು ಷರಾ ಬರೆಯಬೇಡಿ. ಅದು ನನ್ನ ಅನ್ನ. ಆದರೆ ಏಳನೆಯ ತರಗತಿಯ ನನ್ನ ಮಗಳು ದೀಪಶ್ರೀಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅವಳಿಗೆ ನಾನು ಮಲಯಾಳ ಕಲಿಸಲಿಲ್ಲ. ಕನ್ನಡ ಶಾಲೆಯಲ್ಲಿ ಕನ್ನಡದಲ್ಲೇ ಪಾಠ ಮಾಡುತ್ತಾರೆಂದು ನಂಬಿದ್ದೆ. ಎಂಥ ಪೆದ್ದ ನಾನು!

ಜೂನಿನಲ್ಲಿ ನಾವು ಹತ್ತು ಮಂದಿ ಪೋಷಕರು ಈ ನೇಮಕ ಬೇಡವೆಂದು ತಮ್ಮ ಮೇಜಿನ ಮುಂದೆ ನಿಂತಿದ್ದು ನೆನಪಿದೆಯೇ? "ಮಕ್ಕಳಲ್ಲವೇ, ಮೂರು ತಿಂಗಳಲ್ಲಿ ಮಲಯಾಳ ಕಲಿತುಕೊಳ್ಳುತ್ತಾರೆ" ಎಂದು ಮಲಯಾಳದಲ್ಲಿ ಅಪ್ಪಣೆ ಕೊಡಿಸಿ ನಕ್ಕಿರಿ. ತಾವು ಈ ಗಡಿ ಜಿಲ್ಲೆಗೆ ಬಂದು ಒಂಬತ್ತು ವರ್ಷವಾಯಿತು. ತಾವೆಷ್ಟು ಕನ್ನಡ ಕಲಿತಿರಿ ಸ್ವಾಮಿ? "ಊಟ ಆಯ್ತಾ" ಒಂದು ಬರುತ್ತದೆ. ಅದಕ್ಕೆ ನಾವು ಉತ್ತರ ಕೊಟ್ಟರೆ ತಮಗೆ ಅರ್ಥವಾಗುವುದಿಲ್ಲ.

ಬೆರಳು ಸುಟ್ಟ ದಿನದ ಪಾಠ ವಸ್ತುಗಳ ಬದಲಾವಣೆ. ಟೀಚರ್ ಮೇಣದಬತ್ತಿ ಕರಗಿಸಿದರು, ತಣಿದ ಮೇಲೆ ಅದೇ ಮೇಣವನ್ನು ತೋರಿಸಿದರು. ಅದು ಭೌತ ಬದಲಾವಣೆ; ಮಾತಿಲ್ಲದೆಯೂ ಮಕ್ಕಳಿಗೆ ತಿಳಿಯಿತು. ಇನ್ನು ರಾಸಾಯನಿಕ ಬದಲಾವಣೆಗೆ ಮೆಗ್ನೀಷಿಯಂ ಪಟ್ಟಿಯನ್ನು ಸುಡಬೇಕಿತ್ತು. ಸುಟ್ಟು ಬಿಳಿ ಬೂದಿಯಾದ ಮೇಲೆ ಅದು ಮತ್ತೆ ಪಟ್ಟಿಯಾಗುವುದಿಲ್ಲ ಎಂಬುದೇ ಪಾಠ. ಪಟ್ಟಿ ಸುಡುವ ದೀಪಕ್ಕೆ ಸ್ಪಿರಿಟ್ ತುಂಬುವಾಗ ಮೇಜಿನ ಮೇಲೆಲ್ಲ ಚೆಲ್ಲಿತು. ಗಾಬರಿಯಾದ ಟೀಚರ್ ದೀಪದ ಕಡೆ ಬೆರಳು ಮಾಡಿ, ಮುಂದಿನ ಬೆಂಚಿನ ನನ್ನ ಮಗಳಿಗೆ "ತೊಡರುದ್! ತೊಡರುದ್!" ಎಂದು ಕೂಗಿದರು. ಮಲಯಾಳದಲ್ಲಿ ಹಾಗೆಂದರೆ ಮುಟ್ಟಬೇಡ. ಮಗಳಿಗೆ ಕೇಳಿಸಿದ್ದು "ತುಡರ್." ತುಳುವಿನಲ್ಲಿ ಹಾಗೆಂದರೆ ದೀಪ. ಬೆಂಕಿಪೆಟ್ಟಿಗೆ ಅಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಅವಳು ನನಗೆ ಹೇಳಿದ್ದು ಇಷ್ಟು: "ಟೀಚರ್ ತುಡರ್ ತುಡರ್ ಅಂದ್ರಪ್ಪ. ಅವ್ರಿಗೂ ತುಳು ಬಂತು ಅಂತ ನಂಗೆ ಖುಷಿ ಆಯ್ತು. ಬೇಗ ಹಚ್ಚಿದೆ."

ಟೀಚರನ್ನು ನಾನು ಬೈಯುವುದಿಲ್ಲ. ಬೆಂಕಿಯನ್ನು ತನ್ನ ಸೆರಗಿನಿಂದ ಬಡಿದು ಆರಿಸಿದ್ದು ಅವರೇ. ವಾರ್ಡಿನ ಹೊರಗೆ ಅಳುತ್ತಾ, ಮಲಯಾಳದಲ್ಲಿ ನನ್ನನ್ನು ಅಣ್ಣಾ ಎಂದು ಕರೆದು, "ವರ್ಗ ಮಾಡಿ ಅಂತ ಎರಡು ಸಲ ಬರೆದುಕೊಟ್ಟೆ ಚೇಟ್ಟಾ, ಈ ಮಕ್ಕಳ ಮುಖ ನೋಡಲಿಕ್ಕೆ ನಾಚಿಕೆಯಾಗುತ್ತದೆ ಅಂತಲೂ ಬರೆದೆ" ಎಂದರು. ಆ ಎರಡು ಕಾಗದಗಳಿಗೆ ತಮ್ಮಲ್ಲಿ ಯಾವ ಬದಲಾವಣೆಯಾಯಿತು? ಭೌತವೋ, ರಾಸಾಯನಿಕವೋ? ಅಥವಾ ಫೈಲನ್ನು ಹೊಕ್ಕ ಕಾಗದ ಯಾವ ಬದಲಾವಣೆಗೂ ಒಳಗಾಗುವುದಿಲ್ಲವೋ?

ಆದರೆ ವಿಚಾರಣೆಗೆ ಮಾತ್ರ ತಮ್ಮ ಕಚೇರಿಗೆ ಎಲ್ಲಿಲ್ಲದ ಅವಸರ. ನಾಲ್ಕನೆಯ ದಿನ ನಾನು ಔಷಧಿ ತರಲು ಕೆಳಗೆ ಹೋಗಿದ್ದಾಗ ತಮ್ಮ ಸಿಬ್ಬಂದಿಯೊಬ್ಬರು ವಾರ್ಡಿಗೆ ಬಂದು, ಮೊದಲೇ ಮಲಯಾಳದಲ್ಲಿ ಬರೆದು ತಂದ ಹೇಳಿಕೆಯನ್ನು ಹಾಸಿಗೆಯ ಮೇಲಿಟ್ಟರು. ತಮ್ಮ ವರದಿಯ ಜೊತೆ ಬಂದ ಅದರ ಪ್ರತಿಯನ್ನು ನಾನು ಓದಿದ್ದೇನೆ. "ಅಧ್ಯಾಪಿಕೆಯ ನಿರ್ದೇಶವನ್ನು ಧಿಕ್ಕರಿಸಿ ಸ್ವಂತ ಇಚ್ಛೆಯಿಂದ ಬೆಂಕಿ ಹಚ್ಚಿದೆ." ಎಷ್ಟು ಚಂದದ ವಾಕ್ಯ! ಬಲಗೈಗೆ ಬ್ಯಾಂಡೇಜು ಇದ್ದುದರಿಂದ ಎಡಗೈಯ ಹೆಬ್ಬೆಟ್ಟು ಒತ್ತಿಸಿಕೊಂಡರು. ತರಗತಿಯಲ್ಲಿ ಎಲ್ಲರಿಗಿಂತ ದುಂಡಗೆ ಬರೆಯುವ ಹುಡುಗಿಯ ಹೆಬ್ಬೆಟ್ಟು!

ಅವರು ಕೇಳಿದ್ದು "ಒಪ್ಪ್." ಮಲಯಾಳದಲ್ಲಿ ಅದು ಸಹಿ. ಮಗಳು ಕೇಳಿಸಿಕೊಂಡದ್ದು ಕನ್ನಡದ ಒಪ್ಪು. ನಾನು ಮೇಲೆ ಬಂದಾಗ ಹೆಬ್ಬೆರಳಿನ ಮಸಿಯನ್ನು ಹಾಸಿಗೆಗೆ ಒರೆಸುತ್ತಿದ್ದಳು. "ಅಪ್ಪ, ಅವ್ರು ಒಪ್ಪು ಒಪ್ಪು ಅಂದ್ರು. ನಾನು ಒಪ್ಪಿಕೊಂಡೆ. ನಾನು ಎಂತ ತಪ್ಪು ಮಾಡಿದ್ದು ಅಪ್ಪ?" ಈ ಸಲ ಮಾತ್ರ ತಮ್ಮ ಕಚೇರಿಯವರ ಮಾತಿನ ಅರ್ಥ ಅವಳಿಗೆ ಸರಿಯಾಗಿಯೇ ಆಗಿತ್ತು.

ಅಂದಿನಿಂದ ಅವಳು ಶಾಲೆಯ ಹೆಸರೆತ್ತಿದರೆ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ತಾನು ಕೆಟ್ಟ ಹುಡುಗಿ ಎಂದು ಅವಳು ನಂಬಿದ್ದಾಳೆ. ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ಅಪ್ಪ ಅಲ್ಲವೇ, ಹಾಗೇ ಹೇಳುತ್ತಾನೆ ಎಂದುಕೊಳ್ಳುತ್ತಾಳೆ.

ಆದ್ದರಿಂದ ನನಗೆ ಪರಿಹಾರ ಬೇಡ. ಆ ಹೇಳಿಕೆಯನ್ನು ರದ್ದು ಮಾಡಿ. ಆ ಮಕ್ಕಳಿಗೆ ಕನ್ನಡ ಬರುವ ಅಧ್ಯಾಪಕರನ್ನು ಕೊಡಿ. ಆಮೇಲೆ ತಾವೇ ನಮ್ಮ ಮನೆಗೆ ಬಂದು, ಅವಳ ಹಾಸಿಗೆಯ ಪಕ್ಕ ಕೂತು, ಅವಳಿಗೆ ತಿಳಿಯುವ ಭಾಷೆಯಲ್ಲಿ "ತಪ್ಪು ನನ್ನದು" ಎಂದು ಹೇಳಿ. ಎರಡೇ ಶಬ್ದ. ಬಾರದಿದ್ದರೆ ಮಲಯಾಳದ ಅಕ್ಷರದಲ್ಲಿ ಬರೆದುಕೊಡುತ್ತೇನೆ, ನೋಡಿಕೊಂಡು ಓದಿದರೆ ಸಾಕು.

ಇಂತಿ,
ಮಗಳಿಗೆ ತಮ್ಮ ಭಾಷೆ ಕಲಿಸದೆ ಅವಳ ಕೈ ಸುಟ್ಟ ಅಪ್ಪ,
ಹರಿನಾಥ, ವರ್ಕಾಡಿ
ಅಕ್ಟೋಬರ್ 2018